ಕೇಳಿಯೇ ಕಟ್ಟಿದ ಆಟ

ಅಲಾಸ್ಕಾದ ಉತ್ತರದ ಹಿಮಬಯಲು. ಬೀಸುತ್ತಲೇ ಇರುವ ಬಿರುಗಾಳಿ ಎಲ್ಲಿಂದ ಹುಟ್ಟುತ್ತಿದೆ ಎಂದು ಹುಡುಕುತ್ತಾ ನೂನಾ ಎಂಬ ಹುಡುಗಿ ಹೊರಟಿದ್ದಾಳೆ. ಜೊತೆಗೊಂದು ಬಿಳಿ ನರಿ. ಗಾಳಿ ಜೋರಾದಾಗ ಮೈ ಬಗ್ಗಿಸಿ ನೆಲ ಕಚ್ಚದಿದ್ದರೆ ಹಾರಿಹೋದಳೆಂದೇ ಲೆಕ್ಕ. ಇದು 2014ರಲ್ಲಿ ಬಂದ ‘ನೆವರ್ ಅಲೋನ್’ ವಿಡಿಯೊ ಗೇಮ್. ಮರುವರ್ಷ ಇದಕ್ಕೆ ಬಾಫ್ಟಾ ಪ್ರಶಸ್ತಿಯೂ ಸಂದಿತು.

ಆಂಕರೇಜ್‌ನ ಕುಕ್ ಇನ್ಲೆಟ್ ಟ್ರೈಬಲ್ ಕೌನ್ಸಿಲ್ ಎಂಬ ಮೂಲನಿವಾಸಿಗಳ ಸಂಸ್ಥೆ ಈ ಆಟಕ್ಕೆ ಹಣ ಹೂಡಿತು. ಕಥೆ ಅಲಾಸ್ಕಾದ ಮೂಲನಿವಾಸಿಗಳಾದ ಇನುಪಿಯಾಕ್ ಜನರದು. ರಾಬರ್ಟ್ ನಾಸ್ರುಕ್ ಕ್ಲೀವ್‌ಲ್ಯಾಂಡ್ ಎಂಬ ಕಥೆಗಾರರು ಹೇಳುತ್ತಿದ್ದದ್ದು. ಆಟ ರೂಪಿಸಿದ ತಂಡದವರು ಅವರ ಮಗಳು ಮಿನ್ನಿ ಗ್ರೇ ಅವರ ಬಳಿ ಹೋಗಿ ಅನುಮತಿ ಪಡೆದರು. ಹಳೆಯ ಕಥೆಯ ನಾಯಕ ಹುಡುಗ, ಆಟದಲ್ಲಿ ಹುಡುಗಿ. ಇಡೀ ನಿರೂಪಣೆ ಇನುಪಿಯಾಕ್ ಭಾಷೆಯಲ್ಲೇ ಇದೆ. ಆಡುತ್ತಾ ಹೋದಂತೆ ಸಮುದಾಯದವರೇ ಮಾತಾಡುವ ಪುಟ್ಟ ಸಾಕ್ಷ್ಯಚಿತ್ರಗಳೂ ತೆರೆದುಕೊಳ್ಳುತ್ತವೆ.

ತೋರಿಸುವುದಕ್ಕೆ ಒಪ್ಪಿಗೆ ಬೇಕಾದಂತೆ, ತೋರಿಸದಿರುವುದಕ್ಕೂ ವ್ಯವಸ್ಥೆ ಬೇಕು. ಆಸ್ಟ್ರೇಲಿಯಾದ ಟೆನಂಟ್ ಕ್ರೀಕ್‌ನಲ್ಲಿ ವರುಮುಂಗು ಸಮುದಾಯ ಸಂಶೋಧಕಿ ಕಿಂಬರ್ಲಿ ಕ್ರಿಸ್ಟನ್ ಅವರೊಂದಿಗೆ ರೂಪಿಸಿದ ‘ಮುಕುರ್ತು’ ಎಂಬ ಡಿಜಿಟಲ್ ಸಂಗ್ರಹ ಅಂಥದ್ದು. ಅಲ್ಲಿ ಹೆಂಗಸರ ಆಚರಣೆಗಳ ಚಿತ್ರ ಹೆಂಗಸರಿಗಷ್ಟೇ, ಗಂಡಸರದು ಗಂಡಸರಿಗಷ್ಟೇ ತೆರೆಯುವಂತೆ ಮಾಡಬಹುದು. ತೀರಿಕೊಂಡವರ ಫೋಟೊ ಇದ್ದರೆ ಮೊದಲೇ ಎಚ್ಚರಿಕೆ ಕಾಣುತ್ತದೆ. ಇಂದು ಈ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಬೇರೆ ದೇಶಗಳ ಸಮುದಾಯಗಳೂ ಬಳಸುತ್ತಿವೆ.

ಹೀಗೆ ಕೆಲವರಿಂದ ಮುಚ್ಚಿಡುವುದು ಸರಿಯೇ? ಸಮಾನತೆ ಎಂದ ಮೇಲೆ ಎಲ್ಲವೂ ಎಲ್ಲರಿಗೂ ಕಾಣಬೇಡವೇ? ಮೂಲನಿವಾಸಿಗಳ ಚಿತ್ರ, ಹಾಡು, ಪವಿತ್ರ ವಸ್ತುಗಳು ಎಷ್ಟೋ ಸಲ ಅವರನ್ನು ಕೇಳದೆಯೇ ಮ್ಯೂಸಿಯಂ ಸೇರಿದ್ದು, ಯಾರ್ಯಾರ ಕಣ್ಣಿಗೋ ಬಿದ್ದದ್ದು ಇದೇ ಧೋರಣೆಯಿಂದ. ಪರಂಪರೆಯ ಹಾಡಿಗೆ ಒಬ್ಬ ಕರ್ತೃ ಇರುವುದಿಲ್ಲವಾದ್ದರಿಂದ ಕಾಪಿರೈಟ್ ಕಾನೂನೂ ಬಹುಮಟ್ಟಿಗೆ ಕೈಚೆಲ್ಲುತ್ತದೆ. ಹಾಗಾಗಿ ಇಲ್ಲಿ ಸಮಾನತೆಯನ್ನು ಅಳೆಯಬೇಕಾದದ್ದು ನೋಡುಗರ ಸಂಖ್ಯೆಯಿಂದಲ್ಲ. ಯಾವುದನ್ನು, ಯಾರಿಗೆ ತೋರಿಸಬೇಕೆಂದು ತೀರ್ಮಾನಿಸುವವರು ಆ ಸಮುದಾಯದವರೇ, ಅವರಲ್ಲಿ ಹೆಣ್ಣುಮಕ್ಕಳೂ ಇದ್ದಾರೆಯೇ ಎಂಬುದರಿಂದ.

‘ಲೋಕಲ್ ಕಾಂಟೆಕ್ಸ್ಟ್ಸ್’ ಸಂಸ್ಥೆಯ ಡಿಜಿಟಲ್ ಲೇಬಲ್‌ಗಳು ಹುಟ್ಟಿದ್ದೂ ಈ ವಿಚಾರದಿಂದಲೇ. ಇದು ಹೆಂಗಸರಿಗೆ ಮಾತ್ರ, ಇದು ಇಂಥ ಋತುವಿನಲ್ಲಿ ಮಾತ್ರ, ಹೆಸರು ಹೇಳಿಯೇ ಬಳಸಿ ಎಂಬ ಸೂಚನೆಗಳನ್ನು ಸಮುದಾಯವೇ ಹಚ್ಚುತ್ತದೆ. ಲೇಬಲ್‌ಗೆ ತಾನಾಗಿ ಕಾನೂನಿನ ಬಲವಿಲ್ಲ, ಆದರೆ ನೋಡಿಲ್ಲ, ಗೊತ್ತಿರಲಿಲ್ಲ ಎಂದು ಜಾರಿಕೊಳ್ಳಲು ಬಿಡುವುದಿಲ್ಲ.

ಸೋಬಾನೆ ಪದವನ್ನೋ ಬೀಸುವ ಪದವನ್ನೋ ಮೊಬೈಲಿನಲ್ಲಿ ಹಿಡಿದು ಯೂಟ್ಯೂಬಿಗೆ ಏರಿಸುವವರು ಕಲಿಯಬೇಕಾದ್ದೂ ಇದನ್ನೇ: ಹಾಡಿದ ಅಜ್ಜಿಯ ಒಪ್ಪಿಗೆ ಮೊದಲು, ವಿಡಿಯೊದಲ್ಲಿ ಅವರ ಹೆಸರು, ಹಣ ಬಂದರೆ ಅದರಲ್ಲಿ ಪಾಲು. ನಾಳೆ ಬೇಡವೆಂದರೆ ತೆಗೆದುಹಾಕುವ ಮಾತನ್ನೂ ಅಂದೇ ಕೊಡಬೇಕು.