ಚೆಂಡುಹೂವಿನ ಘಾಟು ಮತ್ತು ಒಂದು ಹೇಜಿ ಐಪಿಎ

ಗುಂಡ್ಲುಪೇಟೆಯಿಂದ ಬಂಡೀಪುರದ ಕಡೆ ಹೋಗೋ ರಸ್ತೆಯಲ್ಲಿ ಚೆಂಡುಹೂವು ಅರಳಿದಾಗ ಕೇರಳದ ಕಾರುಗಳು ಸಾಲಾಗಿ ನಿಂತು ಸೆಲ್ಫಿ ತೆಗೆಯೋದನ್ನ ನೀವು ರೀಲ್ಸ್‌ನಲ್ಲಿ ನೋಡಿರ್ತೀರಿ. ಅಲ್ಲೇ ಪಕ್ಕದಲ್ಲಿ ನಮ್ಮೂರು. ಹೂವಿನ ಕಾಲದ ಒಂದು ಶನಿವಾರ ಬೆಂಗಳೂರಿನಿಂದ ಹೊರಟಾಗ ನನ್ನ ಐಸ್ ಬಾಕ್ಸಿನಲ್ಲಿ ಒಂದು ಕ್ಯಾನ್ ಹೇಜಿ ಐಪಿಎ ಇತ್ತು. ಡಿಕ್ಕಿಯಲ್ಲಿ ಅದೇ ಬಿಯರ್‌ನ ಇನ್ನೊಂದು ಕ್ಯಾನ್, ಎರಡು ತಿಂಗಳ ಹಿಂದೆ ತಂದು ಮರೆತದ್ದು.

ನಮ್ಮ ಮನೇಲಿ ಬಿಯರ್ ಅನ್ನೋ ಪದ ಜೋರಾಗಿ ಹೇಳುವಂಥದ್ದಲ್ಲ. ಅವ್ವನ ಅಪ್ಪ ಪ್ಯಾಕೆಟ್ ಸಾರಾಯಿಗೆ ಎರಡು ಎಕರೆ ಕಳೆದವರು. 2007ರ ಜುಲೈನಲ್ಲಿ ರಾಜ್ಯದಲ್ಲಿ ಸಾರಾಯಿ ನಿಷೇಧ ಆಗುವ ಹೊತ್ತಿಗೆ ತಾತನೂ ಇರಲಿಲ್ಲ, ಜಮೀನೂ ಇರಲಿಲ್ಲ.

ಸಂಜೆ ಚಾಮರಾಜನಗರದಿಂದ ಗೆಳೆಯ ಬಸ್ಸಿನಲ್ಲಿ ಬಂದ. ಅವನು ಸ್ಟ್ರಾಂಗ್ ಬಿಟ್ಟು ಬೇರೆ ಮುಟ್ಟಿದವನಲ್ಲ. ತಾರಸಿ ಮೇಲೆ ಗಾಜಿನ ಲೋಟಕ್ಕೆ ಬಗ್ಗಿಸಿದೆ. ‘ಕೆಟ್ಟೋಗದ ಕಣೋ, ಕದಡಿದ ನೀರಿದ್ದಂಗದೆ’ ಅಂದ.

ಕೆಟ್ಟಿಲ್ಲ. ಈ ಬಿಯರ್ ಇರೋದೇ ಹಾಗೆ. ಬಾರ್ಲಿ ಜೊತೆ ಓಟ್ಸ್, ಗೋಧಿ ಹಾಕ್ತಾರೆ. ಅವುಗಳ ಪ್ರೋಟೀನು, ಹಾಪ್ಸ್ ಹೂವಿನ ಪಾಲಿಫಿನಾಲು ಸೇರಿ ಮಬ್ಬು ಕಟ್ಟುತ್ತೆ. ಐಪಿಎ ಅಂದ್ರೆ ಇಂಡಿಯಾ ಪೇಲ್ ಏಲ್. ಹಿಂದೆ ಇಲ್ಲಿದ್ದ ಬ್ರಿಟಿಷರಿಗಾಗಿ ಲಂಡನ್ನಿನಿಂದ ಹಡಗಿನಲ್ಲಿ ಬರ್ತಿದ್ದ ಬಿಯರ್‌ನ ವಂಶ. ಹೇಜಿ ಮಾತ್ರ ಅಮೆರಿಕದ ವರ್ಮಾಂಟಿನ ಕೂಸು. ಅಲ್ಲಿನ ‘ಆಲ್ಕೆಮಿಸ್ಟ್’ನವರ ‘ಹೆಡಿ ಟಾಪರ್’ನಿಂದ ಹೆಸರಾಯ್ತು. ಅಮೆರಿಕದ ಬ್ರೂವರ್ಸ್ ಅಸೋಸಿಯೇಷನ್ ಇದನ್ನ ಪ್ರತ್ಯೇಕ ಶೈಲಿ ಅಂತ ಒಪ್ಪಿದ್ದು 2018ರಲ್ಲಿ.

ಮೂಗಿಗೆ ಮೊದಲು ಬಂದದ್ದು ಮಾವು, ಆಮೇಲೆ ಕಿತ್ತಳೆ ಸಿಪ್ಪೆ. ಮಾವಿನಲ್ಲೂ ಹಾಪ್ಸ್‌ನಲ್ಲೂ ಮೈರ್ಸೀನ್ ಅನ್ನೋ ಎಣ್ಣೆಯ ಅಂಶ ಇದೆ, ಅದಕ್ಕೇ ಆ ನೆನಪು. ಇನ್ನೂ ಹಿಂದೆ, ಚೆಂಡುಹೂವಿನ ಎಲೆ ಕಿವುಚಿದಾಗ ಬೆರಳಿಗೆ ಹತ್ತುತ್ತಲ್ಲ, ಆ ಹಸಿರು ಘಾಟು. ಬೆಂಗಳೂರಿನ ಪಬ್ಬಿನಲ್ಲಿ ಎಷ್ಟೋ ಸಲ ಕುಡಿದಿದ್ದೆ. ಅದನ್ನ ಗುರುತು ಹಿಡಿದದ್ದು ಇಲ್ಲೇ.

ಬಾಯಿಗೆ ದಪ್ಪ, ನುಣುಪು. ಐಪಿಎ ಆದ್ರೂ ಕಹಿ ಕಡಿಮೆ. ಹಾಪ್ಸ್ ಹೆಚ್ಚು ಹೊತ್ತು ಕುದ್ದಷ್ಟೂ ಕಹಿ ಜಾಸ್ತಿ. ಇಲ್ಲಿ ಬಹುಪಾಲು ಹಾಕೋದು ಒಲೆ ಆರಿಸಿದ ಮೇಲೆ, ಹುಳಿ ಬರೋವಾಗ, ಇಲ್ಲಾ ಬಂದ ಮೇಲೆ. ಒಗ್ಗರಣೆ ಕೊನೆಗೆ ಕೊಟ್ಟಂಗೆ. ನನ್ನ ದೂರು ಎರಡು: ನುಂಗಿದ ಮೇಲೆ ಗಂಟಲು ಕೆರೆಯಿತು (ಹಾಪ್ಸ್ ಪುಡಿ ಪೂರ್ತಿ ಕೆಳಗೆ ಕೂತಿಲ್ಲ ಅಂತ ಅರ್ಥ), ಕೊನೆಯಲ್ಲಿ ಸಿಹಿ ಅಂಟುತ್ತೆ. ಹತ್ತಕ್ಕೆ ಏಳು.

ಡಿಕ್ಕಿಯ ಕ್ಯಾನಿಗೆ ಎರಡೂ ಹೆಚ್ಚು. ಬಣ್ಣ ಆರಿದ ಟೀ ಥರ, ವಾಸನೆ ನೆನೆದ ರಟ್ಟಿನದು. ಆಮ್ಲಜನಕ ಮತ್ತು ಬಿಸಿ ಹಾಪ್ಸ್ ಪರಿಮಳವನ್ನ ತಿಂದುಹಾಕುತ್ವೆ. ಬ್ರೂವರಿಯವರ ತಪ್ಪಲ್ಲ, ನನ್ನದು. ಕೊಂಡಾಗ ತಯಾರಿಸಿದ ದಿನ ನೋಡಿ, ನೇರ ಫ್ರಿಜ್ಜಿಗಿಡಿ.

ಗೆಳೆಯ ಎರಡನ್ನೂ ಒಂದೇ ಮುಖ ಮಾಡ್ಕೊಂಡು ಕುಡಿದ.

ಒಣಗಿದ ಬಟ್ಟೆ ತೆಗೆಯೋಕೆ ಅವ್ವ ಮೇಲೆ ಬಂದದ್ದು ನಮಗೆ ಗೊತ್ತಾಗಲೇ ಇಲ್ಲ. ಮೊದಲಿನ ಲೋಟ ಎತ್ತಿ ಮೂಸಿದಳು.

‘ಮಾವಿನಣ್ಣಿನ ವಾಸ್ನೆ ಬತ್ತದೆ. ಅಮಲು ಇದ್ದದಾ?’

‘ಇದ್ದದೆ ಅವ್ವ. ಆರೂವರೆ ಪರ್ಸೆಂಟ್.’

ಲೋಟ ಇಟ್ಟು ಇಳಿದು ಹೋದಳು. ಊಟಕ್ಕೆ ಹೋದಾಗ ಮುದ್ದೆ, ಉಪ್ಸಾರು ಬಡಿಸಿದಳು, ಮಾತಿಲ್ಲ. ಗೋಡೆಯ ಮೊಳೆಯಲ್ಲಿ ಕಾರಿನ ಕೀ ಇರಲಿಲ್ಲ. ಅದು ಅವಳ ಸೆರಗಿನ ಗಂಟಿನಲ್ಲಿತ್ತು. ನಾನು ಕೇಳಲಿಲ್ಲ. ಗೆಳೆಯ ತಾರಸಿಯಲ್ಲೇ ಮಲಗಿದ.

ಬೆಳಗ್ಗೆ ಹೊಲದಲ್ಲಿ ಕೀ ಕೊಟ್ಟಳು. ಆಮೇಲೆ, ರಾತ್ರಿ ನಾನು ಗೆಳೆಯನಿಗೆ ಹೇಳ್ತಿದ್ದದ್ದು ಕೇಳಿಸ್ಕೊಂಡಿದ್ಲೋ ಏನೋ, ಒಂದು ಚೆಂಡುಹೂವಿನ ಎಲೆ ಕಿತ್ತು ಕಿವುಚಿ ನನ್ನ ಮೂಗಿಗೆ ಹಿಡಿದು ಕೇಳಿದಳು:

‘ಇದುಕ್ಕ ಅಷ್ಟು ದುಡ್ಡು ಕೊಟ್ಯಾ?’