ಕಯಾಕ್ ದೋಣಿ

ತುಮಕೂರು ಜಿಲ್ಲೆಯ ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟುವ ಜಯಮಂಗಲಿ ನದಿಯು ಕೊರಟಗೆರೆ, ಮಧುಗಿರಿ ತಾಲ್ಲೂಕುಗಳಲ್ಲಿ ಹರಿದು ಉತ್ತರ ಪಿನಾಕಿನಿಯನ್ನು ಸೇರುತ್ತದೆ. ಸುತ್ತಲೂ ಹೆಬ್ಬಂಡೆಗಳ ಬೆಟ್ಟಗಳಿದ್ದು ನೋಟವೇನೋ ರಮಣೀಯವಾಗಿದೆ. ಆದರೆ ವರ್ಷದ ಬಹುಕಾಲ ನದಿಯ ಪಾತ್ರದಲ್ಲಿ ಕಾಣುವುದು ಮರಳು ಮಾತ್ರ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ರೈತರು ನೆಲದೊಳಗಿನ ಒರತೆಯನ್ನು ಅಗೆದು ತೆಗೆದು, ಕಾಲುವೆಯ ಮೂಲಕ ಹೊಲಗದ್ದೆಗಳಿಗೆ ಹರಿಸುತ್ತಿದ್ದರು. ತಲಪರಿಗೆ ಎಂಬ ಈ ಪದ್ಧತಿಯು ಮೇಲೆ ಹರಿಯದ ನೀರನ್ನು ಕೆಳಗೆ ಹುಡುಕಿದವರ ಜಾಣ್ಮೆ. ಬಿರುಮಳೆ ಸುರಿದಾಗಲಾದರೋ ಇದೇ ಹೊಳೆ ಹಠಾತ್ತನೆ ಉಕ್ಕಿ ಬರುತ್ತದೆ. ದೋಣಿ ನಡೆಸಲು ಕಲಿಯುವವರಿಗೆ ಒಣಮರಳೂ ಸಲ್ಲದು, ನೆರೆಯೂ ಸಲ್ಲದು. ಅವರಿಗೆ ಬೇಕಾದುದು ನಡೆಯನ್ನು ಮುಂಚಿತವಾಗಿ ತಿಳಿಯಬಹುದಾದ ನೀರು.

ಅಂತಹ ನೀರು ಉತ್ತರ ಕನ್ನಡ ಜಿಲ್ಲೆಯ ಕಾಳಿ ನದಿಯಲ್ಲಿದೆ. ಸಹ್ಯಾದ್ರಿಯ ಕಾಡಿನ ಮಳೆನೀರನ್ನು 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು ಹಿಡಿದಿಟ್ಟುಕೊಂಡು, ವಿದ್ಯುತ್ ಉತ್ಪಾದನೆಗಾಗಿ ಬಿಡುತ್ತದೆ. ಆದುದರಿಂದ ಬೇಸಿಗೆಯಲ್ಲಿಯೂ ಗಣೇಶಗುಡಿ, ದಾಂಡೇಲಿಗಳ ಬಳಿ ನದಿಯಲ್ಲಿ ನೀರಿರುತ್ತದೆ. ರಭಸದ ಇಳಿಜಾರುಗಳಲ್ಲಿ ನುರಿತವರ ಜೊತೆಯಲ್ಲಿ ರಬ್ಬರಿನ ತೆಪ್ಪಗಳು ಸಾಗುತ್ತವೆ. ಶಾಂತವಾದ ಮಡುಗಳಲ್ಲಿ ಹೊಸಬರು ಕಯಾಕ್ ನಡೆಸುತ್ತಾರೆ.

ಕಯಾಕ್ ಉತ್ತರಧ್ರುವದ ಹಿಮಪ್ರದೇಶದಲ್ಲಿ ಹುಟ್ಟಿದ ದೋಣಿ. ಅಲ್ಲಿನ ಇನ್ಯೂಟ್ ಜನರು ಮರ ಅಥವಾ ಎಲುಬಿನ ಹಂದರಕ್ಕೆ ಸೀಲ್ ಪ್ರಾಣಿಯ ಚರ್ಮವನ್ನು ಬಿಗಿದು, ಬೇಟೆಗಾಗಿ ಇದನ್ನು ರಚಿಸಿಕೊಂಡರು. ಹಂದರಕ್ಕೆ ಚರ್ಮ ಹೊದಿಸುವ ಉಪಾಯ ನಮ್ಮ ಹರಿಗೋಲಿನಲ್ಲಿಯೂ ಉಂಟು. 1520ರ ಸುಮಾರಿಗೆ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಬುಟ್ಟಿಯಂತಹ ಈ ದೋಣಿಗಳು ನೇರವಾಗಿ ಸಾಗದೆ ಸುತ್ತುತ್ತಲೇ ಇರುವುದನ್ನು ಗಮನಿಸಿದ್ದನು. ದುಂಡಾದುದು ಸುತ್ತುತ್ತದೆ, ನೀಳವಾದುದು ನೇರ ಸಾಗುತ್ತದೆ. ಆದರೂ ಕಯಾಕಿನ ಬಲಗಡೆ ಹುಟ್ಟು ಹಾಕಿದರೆ ಅದರ ಮೂತಿ ಎಡಕ್ಕೆ ತಿರುಗುವುದು. ಆದ್ದರಿಂದಲೇ ಅದರ ಹುಟ್ಟಿಗೆ ಎರಡು ತುದಿಗಳಲ್ಲಿಯೂ ಅಲಗುಗಳಿದ್ದು, ಎಡಬಲಗಳಲ್ಲಿ ಒಂದಾದ ಮೇಲೊಂದರಂತೆ ನೀರನ್ನು ಹಿಂದಕ್ಕೆ ತಳ್ಳುತ್ತವೆ. ಹೊಸಬರು ತೋಳಿನಿಂದ ಎಳೆದು ಬೇಗನೆ ದಣಿಯುತ್ತಾರೆ. ಬಲ್ಲವರು ನಡುವನ್ನು ತಿರುಗಿಸಿ, ಮೈಯ ಬಲವನ್ನೆಲ್ಲ ಬಳಸುತ್ತಾರೆ.

ತೋಳಿನ ಕೆಲಸಕ್ಕಿಂತ ಕಣ್ಣಿನ ಕೆಲಸ ಕಠಿಣವಾದುದು. ಹರಿವ ನೀರಿನ ಮೇಲೆ ನುಣುಪಾದ ನಾಲಗೆಯೊಂದು ಕೆಳದಿಕ್ಕಿಗೆ ಚೂಪಾಗಿ ಚಾಚಿದ್ದರೆ ಅಲ್ಲಿ ದಾರಿಯಿದೆ ಎಂದರ್ಥ. ಚೂಪು ಮೇಲ್ದಿಕ್ಕಿಗೆ ತಿರುಗಿದ್ದರೆ ಅಲ್ಲೊಂದು ಬಂಡೆ ಅಡಗಿದೆ. ದೊಡ್ಡ ಬಂಡೆಯ ಹಿಂದೆ ನೀರು ಹಿಮ್ಮುಖವಾಗಿ ತಿರುಗಿ ನಿಧಾನಗೊಳ್ಳುತ್ತದೆ. ದೋಣಿಗೆ ಅದು ತಂಗುದಾಣ.

ದೋಣಿ ಮಗುಚುವುದು ಅಪರೂಪವಲ್ಲ. ಆಗ ಕಾಲೂರಿ ನಿಲ್ಲಬೇಕೆನಿಸುವುದು ಸಹಜ, ಅದೇ ಅಪಾಯ. ಪಾದ ಕಲ್ಲುಗಳ ಸಂದಿನಲ್ಲಿ ಸಿಕ್ಕಿಕೊಂಡರೆ ಮೊಣಕಾಲುದ್ದದ ನೀರೂ ಮನುಷ್ಯನನ್ನು ಕೆಡವಿ ಮುಳುಗಿಸಬಲ್ಲುದು. ಅಂಗಾತ ಮಲಗಿ, ಪಾದಗಳನ್ನು ಹರಿವಿನ ದಿಕ್ಕಿಗೆ ಮೇಲೆತ್ತಿ, ತೇಲುತ್ತ ದಡದತ್ತ ಸರಿಯಬೇಕು. ತೇಲಿಸುವ ಜೀವರಕ್ಷಕ ಅಂಗಿಯನ್ನು ಈಜು ಬಲ್ಲವರೂ ತೊಡಲೇಬೇಕು. ಕಾಳಿಯಲ್ಲಿ ಇಷ್ಟೇ ಸಾಲದು: ಅಣೆಕಟ್ಟಿನಿಂದ ನೀರು ಬಿಟ್ಟೊಡನೆ ನದಿಯ ಮಟ್ಟ ಏರುವುದರಿಂದ, ಬಿಡುವ ವೇಳೆಯನ್ನು ವಿಚಾರಿಸಿ ತಿಳಿದ ಮೇಲೆಯೇ ದೋಣಿಯನ್ನು ನೀರಿಗಿಳಿಸುತ್ತಾರೆ.