ಅಜ್ಜಿ ತಡವಾಗಿ ಎಚ್ಚರವಾದದ್ದು ಯಾಕೆ?

ಕಳೆದ ರಜೆಯಲ್ಲಿ ನನ್ನ ಅಜ್ಜಿಗೆ ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ಪಿತ್ತಕೋಶದ ಕಲ್ಲಿನ ಆಪರೇಶನ್ ಆಯಿತು. ಅದೇ ಬೆಳಿಗ್ಗೆ ಅಪೆಂಡಿಕ್ಸ್ ಆಪರೇಶನ್ ಆದ ಒಬ್ಬ ಹುಡುಗ ಬೇಗನೆ ಎಚ್ಚರವಾಗಿ ನೀರು ಬೇಕೆಂದು ಅಳತೊಡಗಿದ. ನಮ್ಮ ಅಜ್ಜಿ ಮಾತ್ರ ಕಣ್ಣೇ ಬಿಡಲಿಲ್ಲ. ಅಮ್ಮ ಕಟೀಲಿಗೆ ಹರಕೆ ಹೇಳಿಕೊಂಡರು. ಸುಮಾರು ಹೊತ್ತಿನ ಮೇಲೆ ಅಜ್ಜಿ ಕಣ್ಣು ಬಿಟ್ಟು, "ದನಕ್ಕೆ ಹುಲ್ಲು ಹಾಕಿದ್ರಾ?" ಎಂದು ಕೇಳಿದರು. ಆಗ ನಮಗೆ ಜೀವ ಬಂತು.

"ಇಬ್ಬರಿಗೂ ಮತಿ ತಪ್ಪುವ ಮದ್ದು ಕೊಟ್ಟದ್ದಲ್ವಾ ಸಾರ್, ಅಜ್ಜಿಗೆ ಮಾತ್ರ ಯಾಕೆ ತಡ?" ಎಂದು ಅರಿವಳಿಕೆ ಡಾಕ್ಟರರನ್ನು ಕೇಳಿದೆ. ಅವರು ಹೇಳಿದ್ದನ್ನು ಇಲ್ಲಿ ಬರೆದಿದ್ದೇನೆ.

ಇದು ರಾತ್ರಿಯ ನಿದ್ದೆಯ ಹಾಗಲ್ಲ. ಮದ್ದು ಮೆದುಳಿನಿಂದ ಇಳಿಯುವವರೆಗೆ ಕರೆದರೂ ಎಚ್ಚರವಾಗದು. ಉಸಿರಿನಲ್ಲಿ ಕೊಟ್ಟ ಮದ್ದು ಹೆಚ್ಚಾಗಿ ಉಸಿರಿನಲ್ಲೇ ಹೊರಗೆ ಹೋಗುತ್ತದೆ. ಸೂಜಿಯಲ್ಲಿ ಕೊಟ್ಟದ್ದನ್ನು ಪಿತ್ತಜನಕಾಂಗ, ಮೂತ್ರಪಿಂಡಗಳು ಹೊರಹಾಕಬೇಕು. ಹಾಗಾಗಿ ತಡವಾಗಲು ಹಲವು ಕಾರಣಗಳುಂಟು:

1. ವಯಸ್ಸು: ಮುದುಕರಲ್ಲಿ ಈ ಅಂಗಗಳ ಕೆಲಸ ನಿಧಾನ. ಸ್ವಲ್ಪ ಮದ್ದೇ ಅವರಿಗೆ ಹೆಚ್ಚಾಗುತ್ತದೆ.

2. ಹೊತ್ತು: ಆಪರೇಶನ್ ಉದ್ದವಾದರೆ ಮದ್ದು ಕೊಬ್ಬಿನಲ್ಲಿ ಸೇರಿಕೊಂಡು, ಆಮೇಲೆ ಮೆಲ್ಲ ಹೊರಬರುತ್ತದೆ.

3. ಚಳಿ: ಮೈ ತಣ್ಣಗಾದರೆ ಮದ್ದು ಇಳಿಯುವುದು ನಿಧಾನ. ಅದಕ್ಕೇ ಕಂಬಳಿ ಹೊದೆಸುತ್ತಾರೆ.

4. ಸಕ್ಕರೆ: ರಕ್ತದಲ್ಲಿ ಸಕ್ಕರೆ ತುಂಬ ಇಳಿದರೂ, ತುಂಬ ಏರಿದರೂ ಎಚ್ಚರ ತಡವಾಗುತ್ತದೆ.

5. ಬೇರೆ ಮದ್ದುಗಳು: ನೋವಿನ ಮದ್ದು, ನಿದ್ದೆ ಮಾತ್ರೆ ಸೇರಿದರೆ ಮಂಪರು ಹೆಚ್ಚು.

ಮದ್ದಿನ ಜಾತಿಯೂ ಮುಖ್ಯ. 1846ರ ಅಕ್ಟೋಬರ್ 16ರಂದು ಅಮೆರಿಕದ ಬೋಸ್ಟನ್‌ನಲ್ಲಿ ದಂತವೈದ್ಯ ವಿಲಿಯಂ ಮಾರ್ಟನ್ ಈಥರ್ ಕೊಟ್ಟು, ಎಲ್ಲರೆದುರು ಆಪರೇಶನ್ ನಡೆಯಿತು. ನಮ್ಮ ಮಂಗಳೂರಿನ ವೆನ್ಲಾಕ್ ಆಸ್ಪತ್ರೆ ಶುರುವಾದದ್ದು ಅದಾಗಿ ಎರಡು ವರ್ಷಕ್ಕೆ, 1848ರಲ್ಲಿ. ಈಥರ್ ರಕ್ತದಲ್ಲಿ ಚೆನ್ನಾಗಿ ಕರಗುವುದರಿಂದ ಇಳಿಯಲು ಬಹಳ ಹೊತ್ತು ಬೇಕು. ಈಗಿನ ಸೆವೊಫ್ಲುರೇನ್ ಕಡಿಮೆ ಕರಗುತ್ತದೆ, ಬೇಗ ಇಳಿಯುತ್ತದೆ.

ಕೊನೆಗೆ ಡಾಕ್ಟರರು, "ಅಜ್ಜಿ ನಿದ್ದೆ ಮಾತ್ರೆ ಏನಾದರೂ ತೆಗೆದುಕೊಳ್ಳುತ್ತಿದ್ದರಾ?" ಎಂದು ಕೇಳಿದರು. ನಾನು ತಲೆ ತಗ್ಗಿಸಿದೆ. ಹಿಂದಿನ ರಾತ್ರಿಯೂ ಅಜ್ಜಿ ಮಾತ್ರೆ ನುಂಗಿ, "ಯಾರಿಗೂ ಹೇಳ್ಬೇಡ ಮಗಾ, ಬೈತಾರೆ" ಎಂದಿದ್ದರು. ನಾನು ಹೇಳಿರಲಿಲ್ಲ. "ಅದೂ ಒಂದು ಕಾರಣ ಇರಬಹುದು. ಮೊದಲೇ ಗೊತ್ತಿದ್ದರೆ ಮದ್ದಿನ ಅಳತೆ ನೋಡಿಕೊಳ್ಳುತ್ತಿದ್ದೆವು" ಎಂದರು. ಬೈಯಲಿಲ್ಲ.

ಗೆಳೆಯರೇ, ಬೇಗ ಎದ್ದವರು ಗಟ್ಟಿಗರು, ತಡವಾಗಿ ಎದ್ದವರು ದುರ್ಬಲರು ಎಂದೇನಿಲ್ಲ. ಆದರೆ ನಿಮ್ಮ ಮನೆಯವರಿಗೆ ಆಪರೇಶನ್ ಇದ್ದರೆ ಮಾತ್ರೆ, ನಾಟಿಮದ್ದು, ಕುಡಿತ, ಬೆಳಿಗ್ಗೆ ಕುಡಿದ ಚಾ, ಎಲ್ಲವನ್ನೂ ಡಾಕ್ಟರರಿಗೆ ಹೇಳಿ. ಯಾರು ಬೇಡವೆಂದರೂ ಹೇಳಿ. ನಾನು ಹೇಳದೆ ಹೆದರಿ ಕೂತ ಆ ಹೊತ್ತು ನಿಮಗೆ ಬರುವುದು ಬೇಡ.